‘ಕಾರಣ ತಿಳಿಯದು’ ಎಂದು ಬರೆಯುವುದು ಹೇಗೆ?

ರೋಗಗಳ ಅಂತಾರಾಷ್ಟ್ರೀಯ ಸಂಕೇತ ಪಟ್ಟಿ: ಒಂದು ವಿಮರ್ಶೆ

ಯಲಹಂಕದ ನಮ್ಮ ಬಡಾವಣೆಯಲ್ಲೇ ಬೆಳೆದು, ನನ್ನ ತರಗತಿಯಲ್ಲಿ ಬಿ.ಎಸ್‌ಸಿ. ಭೌತವಿಜ್ಞಾನ ಓದಿದ ವಿದ್ಯಾರ್ಥಿನಿಯೊಬ್ಬಳು ಈಗ ಹೆಬ್ಬಾಳದ ಕಡೆಯ ಕಚೇರಿಯೊಂದರಲ್ಲಿ ಕೆಲಸ ಮಾಡುತ್ತಿದ್ದಾಳೆ. ಅಮೆರಿಕದ ಆಸ್ಪತ್ರೆಗಳಿಂದ ಬರುವ ರೋಗಿಗಳ ದಾಖಲೆಗಳನ್ನು ಓದಿ, ವೈದ್ಯರು ಬರೆದ ರೋಗನಿದಾನಕ್ಕೆ ಸರಿಹೊಂದುವ ಸಂಕೇತವನ್ನು ನಮೂದಿಸುವುದು ಅವಳ ಕೆಲಸ. ಮೆಡಿಕಲ್ ಕೋಡಿಂಗ್ ಎಂದು ಕರೆಯುವ ಈ ಉದ್ಯೋಗದಲ್ಲಿ ಬೆಂಗಳೂರಿನ ಅನೇಕ ವಿಜ್ಞಾನ ಪದವೀಧರರಿದ್ದಾರೆ.

ಒಮ್ಮೆ ಮನೆಗೆ ಬಂದಾಗ ಅವಳು ಕೇಳಿದಳು: “ಸರ್, ಮೊಣಕಾಲು ಊದಿಕೊಂಡ ಒಬ್ಬ ರೋಗಿ. ವೈದ್ಯರಿಗೆ ಕಾರಣ ತಿಳಿದಿಲ್ಲ. ನಾನು ಬರೆಯಬೇಕಾದ ಸಂಕೇತ ಎಂ 13.161. ಕೊನೆಯ ಅಂಕಿ 1 ಇದ್ದರೆ ಬಲಗಾಲು, 2 ಇದ್ದರೆ ಎಡಗಾಲು. ಅದು ತಪ್ಪಿದರೆ ದಾಖಲೆ ವಾಪಸ್ಸು ಬರುತ್ತದೆ. ಆದರೆ ಕಾರಣವನ್ನು ಹುಡುಕಿದರೂ ಸಿಗಲಿಲ್ಲವೋ ಅಥವಾ ಹುಡುಕಲೇ ಇಲ್ಲವೋ ಎಂಬುದನ್ನು ಹೇಳುವ ಅಂಕಿ ಮಾತ್ರ ಇಲ್ಲ. ನಾನು ನಿಮ್ಮ ಪ್ರಯೋಗಾಲಯದಲ್ಲಿ ಹೀಗೆ ಬರೆದಿದ್ದರೆ ಅಂಕ ಕೊಡುತ್ತಿದ್ದಿರಾ?”

ಕೊಡುತ್ತಿರಲಿಲ್ಲ. ತಂತಿಯ ವ್ಯಾಸವನ್ನು ನಾಲ್ಕು ದಶಮಾಂಶ ಸ್ಥಾನಗಳವರೆಗೆ ಬರೆದು, ‘ಮಾಪಕದ ಶೂನ್ಯದೋಷ ನೋಡಿದೆಯಾ?’ ಎಂದರೆ ತಲೆ ಕೆರೆದುಕೊಳ್ಳುವ ವಿದ್ಯಾರ್ಥಿಗೆ ನಾವು ಹೇಳುವ ಮಾತು ಎಲ್ಲ ಅಧ್ಯಾಪಕರಿಗೂ ಗೊತ್ತು: ಬರೆದ ಅಂಕಿಗಳು ನಮ್ಮ ತಿಳಿವಳಿಕೆಯನ್ನು ಮೀರಬಾರದು. ನಾನು ವೈದ್ಯನಲ್ಲ. ಆದರೆ ರೋಗಸಂಕೇತವೂ ಒಂದು ಬಗೆಯ ಅಳತೆಯ ದಾಖಲೆ. ಅಳತೆ ಕಲಿಸುವುದರಲ್ಲಿ ಮೂರು ದಶಕ ಕಳೆದವನಿಗೆ ಆ ದೃಷ್ಟಿಯಿಂದ ಈ ಪಟ್ಟಿಯನ್ನು ಪರಿಶೀಲಿಸುವ ಹಕ್ಕು ಇದೆ ಎಂದು ಭಾವಿಸಿದ್ದೇನೆ.

ಪಟ್ಟಿಯ ಹಿನ್ನೆಲೆ

ರೋಗಗಳಿಗೆ ಸಂಕೇತ ಕೊಡುವ ಪದ್ಧತಿ ಹುಟ್ಟಿದ್ದು ಸಾವಿನ ಲೆಕ್ಕದಿಂದ. 19ನೇ ಶತಮಾನದಲ್ಲಿ ಇಂಗ್ಲೆಂಡಿನ ವಿಲಿಯಂ ಫಾರ್, ಎಲ್ಲರೂ ಒಂದೇ ಹೆಸರುಗಳನ್ನು ಬಳಸದಿದ್ದರೆ ಅಂಕಿ ಅಂಶಗಳನ್ನು ಹೋಲಿಸಲಾಗದು ಎಂದು ವಾದಿಸಿದ. 1893ರಲ್ಲಿ ಫ್ರಾನ್ಸಿನ ಜಾಕ್ ಬರ್ಟಿಯಾನ್ ಮಂಡಿಸಿದ ಪಟ್ಟಿಯೇ ಇಂದಿನ ‘ರೋಗಗಳ ಅಂತಾರಾಷ್ಟ್ರೀಯ ವರ್ಗೀಕರಣ’ದ ಮೂಲ. 1948ರಲ್ಲಿ ಆರನೆಯ ಆವೃತ್ತಿಯಿಂದ ವಿಶ್ವ ಆರೋಗ್ಯ ಸಂಸ್ಥೆ ಅದರ ಹೊಣೆ ಹೊತ್ತಿತು. ಸಾವಿನ ಜೊತೆಗೆ ರೋಗಗಳ ಲೆಕ್ಕವೂ ಸೇರಿದ್ದು ಆಗಲೇ. ಹತ್ತನೆಯ ಆವೃತ್ತಿಗೆ, ಅಂದರೆ ಐಸಿಡಿ-10ಕ್ಕೆ, 1990ರಲ್ಲಿ ಒಪ್ಪಿಗೆ ದೊರೆಯಿತು. ಐಸಿಡಿ-11ಕ್ಕೆ 2019ರಲ್ಲಿ ಒಪ್ಪಿಗೆ ದೊರೆತು, ಅದು 2022ರ ಜನವರಿ 1ರಿಂದ ಜಾರಿಗೆ ಬಂತು. ಐಸಿಡಿ-10ರಲ್ಲಿ ಸುಮಾರು 14,000 ಸಂಕೇತಗಳಿವೆ. 2015ರಿಂದ ಅಮೆರಿಕದಲ್ಲಿ ಬಳಕೆಯಲ್ಲಿರುವ, ಬಲಗಾಲು ಎಡಗಾಲುಗಳನ್ನೂ ಬೇರ್ಪಡಿಸುವ ವಿಸ್ತೃತ ರೂಪದಲ್ಲಿ ಸುಮಾರು 70,000!

ಇದರ ಉಪಯೋಗವನ್ನು ಕಡೆಗಣಿಸುವಂತಿಲ್ಲ. ಯಲಹಂಕ ದಾಟಿ ವಿಮಾನ ನಿಲ್ದಾಣದತ್ತ ಹೋದರೆ ಕನ್ನಮಂಗಲದ ಬಳಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ರಾಷ್ಟ್ರೀಯ ರೋಗ ಮಾಹಿತಿ ಮತ್ತು ಸಂಶೋಧನಾ ಕೇಂದ್ರವಿದೆ. ದೇಶದ ಕ್ಯಾನ್ಸರ್ ನೋಂದಣಿಯ ಅಂಕಿ ಅಂಶಗಳು ಅಲ್ಲಿ ಕ್ರೋಡೀಕರಣಗೊಳ್ಳುತ್ತವೆ. ಬೇರೆ ಬೇರೆ ಊರುಗಳ ಆಸ್ಪತ್ರೆಗಳ ಬರಹವನ್ನು ಒಟ್ಟು ಮಾಡಲು ಸಾಧ್ಯವಾಗುವುದು ಎಲ್ಲರೂ ಒಂದೇ ಸಂಕೇತ ಭಾಷೆ ಬಳಸುವುದರಿಂದ. ಆ ಭಾಷೆಯಲ್ಲಿ ನಮ್ಮ ನೆಲದ ಹೆಸರೂ ಇದೆ. ಐಸಿಡಿ-10ರ ಎ 98.2 ಎಂಬುದು ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನ ಕಾಯಿಲೆಯ, ಅಂದರೆ ಮಂಗನ ಕಾಯಿಲೆಯ ಸಂಕೇತ. 1957ರಲ್ಲಿ ಅಲ್ಲಿ ಮಂಗಗಳು ಸತ್ತು ಬೀಳುತ್ತಿದ್ದುದನ್ನೂ ಜನರಿಗೆ ಬರುತ್ತಿದ್ದ ಜ್ವರವನ್ನೂ ಒಟ್ಟಿಗೆ ನೋಡಿದ್ದರಿಂದಲೇ ಹೊಸ ವೈರಸ್ಸು ಪತ್ತೆಯಾಯಿತು.

ಉರಿಯೂತ ಏನು ಹೇಳುತ್ತದೆ, ಏನು ಹೇಳುವುದಿಲ್ಲ?

ಕೆಂಪಾಗುವುದು, ಬಿಸಿಯಾಗುವುದು, ಊದಿಕೊಳ್ಳುವುದು, ನೋಯುವುದು – ಉರಿಯೂತದ ಈ ನಾಲ್ಕು ಲಕ್ಷಣಗಳನ್ನು ಸುಮಾರು ಎರಡು ಸಾವಿರ ವರ್ಷಗಳ ಹಿಂದೆಯೇ ರೋಮ್‌ನ ಸೆಲ್ಸಸ್ ಪಟ್ಟಿ ಮಾಡಿದ್ದ. ಬ್ಯಾಕ್ಟೀರಿಯ, ವೈರಸ್ಸು, ಪೆಟ್ಟು, ಯೂರಿಕ್ ಆಮ್ಲದ ಹರಳು, ದೇಹದ ಮೇಲೆಯೇ ತಿರುಗಿಬಿದ್ದ ರೋಗರಕ್ಷಣಾ ವ್ಯವಸ್ಥೆ – ಕಾರಣ ಯಾವುದೇ ಇರಲಿ, ದೇಹದ ಉತ್ತರ ಬಹುಮಟ್ಟಿಗೆ ಒಂದೇ. ನಿದಾನ ಕಷ್ಟವಾಗುವುದು ಇದರಿಂದಲೇ.

ಇದನ್ನು ಭೌತವಿಜ್ಞಾನದ ವಿದ್ಯಾರ್ಥಿಗಳಿಗೆ ಪರಿಚಿತವಾದ ಒಂದು ಪರೀಕ್ಷೆಯಿಂದ ತಿಳಿಯೋಣ. ಉರಿಯೂತದ ಸಂಶಯ ಬಂದಾಗ ವೈದ್ಯರು ಇಎಸ್‌ಆರ್ ಪರೀಕ್ಷೆ ಮಾಡಿಸುತ್ತಾರೆ. ಹೆಪ್ಪುಗಟ್ಟದಂತೆ ಮಾಡಿದ ರಕ್ತವನ್ನು ವೆಸ್ಟರ್‌ಗ್ರೆನ್ ಕೊಳವೆಯಲ್ಲಿ ನೇರವಾಗಿ ನಿಲ್ಲಿಸಿ, ಒಂದು ಗಂಟೆಯಲ್ಲಿ ಕೆಂಪು ರಕ್ತಕಣಗಳು ಎಷ್ಟು ಮಿಲಿಮೀಟರ್ ಕೆಳಗಿಳಿದವು ಎಂದು ನೋಡುತ್ತಾರೆ. ಇದು ಸ್ಟೋಕ್ಸನ ನಿಯಮದ ಪ್ರಯೋಗವಲ್ಲದೆ ಬೇರೇನೂ ಅಲ್ಲ. ಉರಿಯೂತವಿದ್ದಾಗ ರಕ್ತದಲ್ಲಿ ಫೈಬ್ರಿನೋಜೆನ್‌ನಂಥ ಪ್ರೋಟೀನುಗಳು ಹೆಚ್ಚುತ್ತವೆ. ಆಗ ರಕ್ತಕಣಗಳು ನಾಣ್ಯಗಳನ್ನು ಜೋಡಿಸಿದಂತೆ ಒಂದರ ಮೇಲೊಂದು ಅಂಟಿಕೊಳ್ಳುತ್ತವೆ. ಅಂತಿಮ ವೇಗ ತ್ರಿಜ್ಯದ ವರ್ಗಕ್ಕೆ ಅನುಪಾತದಲ್ಲಿರುವುದರಿಂದ, ತ್ರಿಜ್ಯ ಇಮ್ಮಡಿಯಾದರೆ ವೇಗ ನಾಲ್ಮಡಿ. ರಾಶಿಗಳು ಗೋಳಾಕಾರ ಅಲ್ಲದಿದ್ದರೂ ಅಂದಾಜಿಗೆ ಇಷ್ಟು ಸಾಕು.

ಈ ಕೊಳವೆ ಹೇಳುವುದು ‘ಎಲ್ಲೋ ಉರಿಯೂತ ಇರಬಹುದು’ ಎಂಬುದನ್ನು ಮಾತ್ರ. ಕ್ಷಯವೋ ಸಂಧಿವಾತವೋ ಎಂಬುದನ್ನು ಅದು ಹೇಳಲಾರದು. ಆಮ್ಮೀಟರಿನ ಮುಳ್ಳು ಆಡಿದರೆ ಮಂಡಲದಲ್ಲಿ ವಿದ್ಯುತ್ತು ಹರಿಯುತ್ತಿದೆ ಎಂದು ತಿಳಿಯುತ್ತದೆ, ಯಾವ ಬ್ಯಾಟರಿಯಿಂದ ಎಂದು ತಿಳಿಯುವುದಿಲ್ಲ. ಹೀಗಾಗಿ ಉರಿಯೂತದ ಕಾಯಿಲೆಗಳಲ್ಲಿ ‘ಕಾರಣ ತಿಳಿಯದು’ ಎಂಬ ಉತ್ತರ ವೈದ್ಯರ ಸೋಲಲ್ಲ, ಅನೇಕ ಬಾರಿ ಅದೇ ಪ್ರಾಮಾಣಿಕ ಉತ್ತರ. ಅದನ್ನು ಬರೆದಿಡಲು ಪಟ್ಟಿ ಕೊಟ್ಟಿರುವ ಜಾಗ ಎಂಥದು ಎಂಬುದೇ ಪ್ರಶ್ನೆ.

ಒಂದು ಪೆಟ್ಟಿಗೆ, ಮೂರು ಬಗೆಯ ಅಜ್ಞಾನ

ಐಸಿಡಿ-10ರಲ್ಲಿ ದಶಮಾಂಶ ಬಿಂದುವಿನ ನಂತರ 8 ಬಂದರೆ ಸಾಮಾನ್ಯವಾಗಿ ‘ಇತರ ನಿರ್ದಿಷ್ಟ’ ಎಂದೂ, 9 ಬಂದರೆ ‘ಅನಿರ್ದಿಷ್ಟ’ ಎಂದೂ ಅರ್ಥ. ಎಂ 13.9 ಎಂದರೆ ಅನಿರ್ದಿಷ್ಟ ಸಂಧಿ ಉರಿಯೂತ. ಎಚ್ 20.9 ಎಂದರೆ ಕಣ್ಣಿನ ಪಾಪೆಯ ಭಾಗದ ಅನಿರ್ದಿಷ್ಟ ಉರಿಯೂತ. ಐ 51.4 ಹೃದಯ ಸ್ನಾಯುವಿನ ಅನಿರ್ದಿಷ್ಟ ಉರಿಯೂತ.

ಈ 9ರೊಳಗೆ ಏನೇನಿರಬಹುದು? ಮೊದಲನೆಯದು, ವೈದ್ಯರಿಗೆ ಕಾರಣ ಗೊತ್ತಿದೆ, ಬರೆದಿಲ್ಲ. ಎರಡನೆಯದು, ಪರೀಕ್ಷೆ ಮಾಡಿಸಲು ರೋಗಿಯ ಬಳಿ ಹಣವಿಲ್ಲ ಅಥವಾ ಊರಿನಲ್ಲಿ ಪ್ರಯೋಗಾಲಯವಿಲ್ಲ. ಮೂರನೆಯದು, ಮಾಡಬಹುದಾದ ಎಲ್ಲ ಪರೀಕ್ಷೆಗಳೂ ಆಗಿವೆ, ಆದರೂ ಇಂದಿನ ವಿಜ್ಞಾನಕ್ಕೆ ಕಾರಣ ಕಾಣುತ್ತಿಲ್ಲ. ಮೊದಲನೆಯದು ಲೇಖನಿಯ ಕೊರತೆ, ಎರಡನೆಯದು ಸೌಲಭ್ಯದ ಕೊರತೆ, ಮೂರನೆಯದು ವಿಜ್ಞಾನದ ಎಲ್ಲೆ. ಜಿಲ್ಲೆಯೊಂದರಲ್ಲಿ ಎಂ 13.9ರ ಸಂಖ್ಯೆ ಏರುತ್ತಿದೆ ಎಂದುಕೊಳ್ಳಿ. ಆರೋಗ್ಯ ಇಲಾಖೆ ಮಾಡಬೇಕಾದದ್ದೇನು? ವೈದ್ಯರಿಗೆ ತರಬೇತಿಯೇ, ಪ್ರಯೋಗಾಲಯವೇ, ಸಂಶೋಧನೆಯೇ? ಸಂಕೇತ ಇದಕ್ಕೆ ಉತ್ತರಿಸುವುದಿಲ್ಲ. ನಮ್ಮಲ್ಲಿ ‘ಅಳೆಯಲಿಲ್ಲ’, ‘ಅಳೆದರೂ ಉಪಕರಣದ ಮಿತಿಗಿಂತ ಕಡಿಮೆ ಇತ್ತು’ ಮತ್ತು ‘ಸೊನ್ನೆ’ – ಇವು ಮೂರು ಬೇರೆ ಬೇರೆ ಫಲಿತಾಂಶಗಳು. ಮೂರಕ್ಕೂ ಒಂದೇ ಗೆರೆ ಎಳೆಯುವ ವಿದ್ಯಾರ್ಥಿಯ ದಾಖಲೆ ಪುಸ್ತಕಕ್ಕೆ ನಾವು ಸಹಿ ಹಾಕುವುದಿಲ್ಲ.

ಪಟ್ಟಿ ಮಾಡಿದವರಿಗೆ ಈ ವ್ಯತ್ಯಾಸ ಗೊತ್ತಿರಲಿಲ್ಲ ಎನ್ನಲಾಗದು. ಹೃದಯದ ಹೊರಪೊರೆಯ ತೀವ್ರ ಉರಿಯೂತದಲ್ಲಿ ಐ 30.0 ಎಂಬುದು ‘ಅಜ್ಞಾತಮೂಲ’ಕ್ಕೆ, ಐ 30.9 ಎಂಬುದು ‘ಅನಿರ್ದಿಷ್ಟ’ಕ್ಕೆ ಎಂದು ಸ್ಪಷ್ಟವಾಗಿ ಬೇರ್ಪಡಿಸಿದ್ದಾರೆ. ಜಪಾನಿನ ಟೊಮಿಸಾಕು ಕವಾಸಾಕಿ 1967ರಲ್ಲಿ ವರ್ಣಿಸಿದ ಮಕ್ಕಳ ಕಾಯಿಲೆಗೆ ಕಾರಣ ಇಂದಿಗೂ ಖಚಿತವಾಗಿಲ್ಲ. ಆದರೂ ಅದಕ್ಕೆ ಎಂ 30.3 ಎಂಬ ಸ್ವಂತ ಸಂಕೇತವಿದೆ. ಹೃದಯದ ಹೊರಪೊರೆಗೆ ಸಿಕ್ಕಿದ ಈ ನ್ಯಾಯ ಮೊಣಕಾಲಿಗೆ, ಕಣ್ಣಿಗೆ ಏಕೆ ಸಿಗಲಿಲ್ಲ?

ಹುಡುಕಿಯೂ ಸಿಗದ ಅಜ್ಞಾನ ಎಷ್ಟು ಬೆಲೆಬಾಳುವಂಥದು ಎಂಬುದಕ್ಕೆ ಭೌತವಿಜ್ಞಾನದಲ್ಲಿ ಒಳ್ಳೆಯ ನಿದರ್ಶನವಿದೆ. 1914ರಲ್ಲಿ ಚಾಡ್ವಿಕ್ ಬೀಟಾ ಕಣಗಳ ಶಕ್ತಿಯನ್ನು ಅಳೆದಾಗ ಒಂದಿಷ್ಟು ಶಕ್ತಿ ಲೆಕ್ಕಕ್ಕೆ ಸಿಗುತ್ತಿರಲಿಲ್ಲ. 1927ರಲ್ಲಿ ಎಲಿಸ್ ಮತ್ತು ವೂಸ್ಟರ್ ಉಷ್ಣಮಾಪನದಿಂದ, ಆ ಶಕ್ತಿ ಮೂಲವಸ್ತುವಿನೊಳಗೇ ಶಾಖವಾಗಿ ಉಳಿಯುತ್ತಿಲ್ಲ ಎಂದು ತೋರಿಸಿದರು. ‘ಗೊತ್ತಿಲ್ಲ’ ಎಂಬುದು ‘ಹುಡುಕಿದೆವು, ಸಿಗಲಿಲ್ಲ’ ಎಂದಾಯಿತು. ಅದರ ಬಲದಿಂದಲೇ 1930ರಲ್ಲಿ ಪೌಲಿ ಕಾಣದ ಕಣವೊಂದನ್ನು ಊಹಿಸಿದ್ದು. ಅದೇ ನ್ಯೂಟ್ರಿನೊ. 1956ರಲ್ಲಿ ಅದು ಪತ್ತೆಯಾಯಿತು. ವಾತಾವರಣದಲ್ಲಿ ಹುಟ್ಟಿದ ನ್ಯೂಟ್ರಿನೊಗಳ ಗುರುತು 1965ರಲ್ಲಿ ನಮ್ಮ ಕೋಲಾರದ ಚಿನ್ನದ ಗಣಿಯ ಆಳದಲ್ಲೂ ಸಿಕ್ಕಿತು. ಚಾಡ್ವಿಕ್‌ನ ಫಲಿತಾಂಶವನ್ನು ‘ಅನಿರ್ದಿಷ್ಟ ನಷ್ಟ’ ಎಂದು ಬರೆದು ಕಡತ ಮುಚ್ಚಿದ್ದರೆ?

ಊಹೆಯೇ ದಾಖಲೆಯಾದಾಗ

ಎರಡನೆಯ ಆಕ್ಷೇಪ ಊಹೆಯದು. ಹೊಟ್ಟೆ ಮತ್ತು ಕರುಳಿನ ಉರಿಯೂತವನ್ನು ನೋಡಿ. ವೈದ್ಯರು ಕಾರಣ ಬರೆಯದೆ ‘ಕರುಳಿನ ಉರಿಯೂತ’ ಎಂದಷ್ಟೇ ಬರೆದರೆ ಯಾವ ಸಂಕೇತ? ಐಸಿಡಿ-10ರ ಮೂಲ ರೂಪದಲ್ಲಿ ಅದು ಎ 09, ಅಂದರೆ ಸೋಂಕಿನಿಂದ ಬಂದದ್ದೆಂದು ಭಾವಿಸಲಾದ ಭೇದಿ. ಆದರೆ ಒಂದು ಟಿಪ್ಪಣಿಯೂ ಇತ್ತು. ಇಂಥ ಕಾಯಿಲೆ ಸೋಂಕಿನದಲ್ಲ ಎಂದು ಭಾವಿಸಬಹುದಾದ ದೇಶಗಳಲ್ಲಿ ಅದನ್ನು ಕೆ 52.9ಕ್ಕೆ, ಸೋಂಕಿನದಲ್ಲದ ಅನಿರ್ದಿಷ್ಟ ಉರಿಯೂತಕ್ಕೆ, ಸೇರಿಸಬೇಕು! ಅಂದರೆ ವೈದ್ಯರು ಬರೆದ ಪದ ಒಂದೇ. ಕಾರಣವನ್ನು ನಿರ್ಧರಿಸಿದ್ದು ರೋಗಿಯ ಮಲಪರೀಕ್ಷೆಯಲ್ಲ, ಅವನ ದೇಶ. ನಂತರದ ಪರಿಷ್ಕರಣೆಯಲ್ಲಿ ಎ 09ನ್ನು ಒಡೆದು, ಮೂಲ ಅನಿರ್ದಿಷ್ಟವಾದವಕ್ಕೆ ಎ 09.9 ಎಂದು ಕೊಟ್ಟರು. ಆದರೂ ಅದು ಉಳಿದಿರುವುದು ಸೋಂಕುರೋಗಗಳ ಅಧ್ಯಾಯದಲ್ಲೇ.

ಇದು ಬರೀ ಗುಮಾಸ್ತರ ಸಮಸ್ಯೆಯಲ್ಲ. ಕರುಳಿನ ಕ್ಷಯ (ಎ 18.3) ಮತ್ತು ಕ್ರೋನ್ಸ್ ಕಾಯಿಲೆ (ಕೆ 50) – ಇವೆರಡನ್ನು ಬೇರ್ಪಡಿಸುವುದು ಭಾರತದ ವೈದ್ಯರಿಗೆ ಬಲು ಕಷ್ಟದ ಕೆಲಸ. ಲಕ್ಷಣಗಳು ಹೋಲುತ್ತವೆ, ಅಂಗಾಂಶ ಪರೀಕ್ಷೆಯೂ ಕೆಲವೊಮ್ಮೆ ತೀರ್ಪು ಕೊಡುವುದಿಲ್ಲ. ಮೊದಲನೆಯದಕ್ಕೆ ತಿಂಗಳುಗಟ್ಟಲೆ ಕ್ಷಯದ ಔಷಧಿ. ಎರಡನೆಯದಕ್ಕೆ ರೋಗರಕ್ಷಣಾ ವ್ಯವಸ್ಥೆಯನ್ನೇ ತಗ್ಗಿಸುವ ಔಷಧಿ. ಅದನ್ನು ಕ್ಷಯ ಇರುವವರಿಗೆ ಕೊಟ್ಟರೆ ಕಾಯಿಲೆ ಉಲ್ಬಣಿಸುತ್ತದೆ. ಊಹೆಯ ಸಂಕೇತವೊಂದು ದಾಖಲೆಯಲ್ಲಿ ಕುಳಿತು, ಮುಂದಿನ ವೈದ್ಯರು ಅದನ್ನೇ ಸಾಬೀತಾದ ನಿದಾನವೆಂದು ಓದಿದರೆ ಆಗುವ ಅಪಾಯ ಸ್ಪಷ್ಟ.

ಅಮೆರಿಕದ ನಿಯಮಾವಳಿಯಲ್ಲಿ ಇದರ ಇನ್ನೊಂದು ಮುಖ ಕಾಣುತ್ತದೆ. ಹೊರರೋಗಿಯ ದಾಖಲೆಯಲ್ಲಿ ‘ಬಹುಶಃ’, ‘ಶಂಕಿತ’ ಎಂಬ ಪದಗಳಿದ್ದರೆ ಆ ರೋಗದ ಸಂಕೇತ ಹಾಕುವಂತಿಲ್ಲ, ಲಕ್ಷಣಗಳ ಸಂಕೇತ ಹಾಕಬೇಕು. ಅದೇ ಒಳರೋಗಿಯಾಗಿದ್ದು, ಬಿಡುಗಡೆಯ ವೇಳೆ ವೈದ್ಯರು ‘ಬಹುಶಃ’ ಎಂದು ಬರೆದಿದ್ದರೆ, ಆ ರೋಗ ಇದ್ದೇ ಇದೆ ಎಂಬಂತೆ ಸಂಕೇತ ಹಾಕಬೇಕು! ಆಸ್ಪತ್ರೆಯ ಹಾಸಿಗೆಯ ಮೇಲೆ ಮಲಗಿದೊಡನೆ ಸಂಭವನೀಯತೆ 1 ಆಗಿಬಿಡುತ್ತದೆಯೇ? ನಿಯಮ ಮಾಡಿದವರಿಗೆ ಲೆಕ್ಕಪತ್ರದ ಕಾರಣಗಳಿರಬಹುದು, ವಿಜ್ಞಾನದ ಕಾರಣ ನನಗೆ ಕಾಣಲಿಲ್ಲ.

ಹಂದಿಗೋಡು ಕಲಿಸುವ ಪಾಠ

ಇದರಿಂದ ನಷ್ಟವೇನು ಎಂದು ಕೇಳುವವರಿಗೆ ಸಾಗರ ತಾಲ್ಲೂಕಿನ ಹಂದಿಗೋಡು ಗ್ರಾಮದ ಕಥೆ ಹೇಳಬೇಕು. 1970ರ ದಶಕದ ಮಧ್ಯದಲ್ಲಿ ಅಲ್ಲಿನ ಬಡ ಕೃಷಿಕಾರ್ಮಿಕರ ಕುಟುಂಬಗಳಲ್ಲಿ ಸೊಂಟ, ಮೊಣಕಾಲುಗಳ ತೀವ್ರ ನೋವು ಕಾಣಿಸಿಕೊಂಡಿತು. ಕೆಲವರು ನಡೆಯಲಾರದೆ ತೆವಳುವ ಸ್ಥಿತಿಗೆ ಬಂದರು. ಗದ್ದೆಗೆ ಸಿಂಪಡಿಸಿದ ಕೀಟನಾಶಕ, ಗದ್ದೆಯ ಏಡಿ ತಿನ್ನುವುದು – ಹೀಗೆ ಹಲವು ಸಂಶಯಗಳು ಬಂದವು. 1977ರಲ್ಲಿ ಹೈದರಾಬಾದಿನ ರಾಷ್ಟ್ರೀಯ ಪೌಷ್ಟಿಕತಾ ಸಂಸ್ಥೆಯ ವಿಜ್ಞಾನಿಗಳು ಪ್ರಕಟಿಸಿದ ಲೇಖನ ಇದನ್ನು ಮಲೆನಾಡಿನ ಕೌಟುಂಬಿಕ ಸಂಧಿ ಉರಿಯೂತ ಎಂದು ಕರೆಯಿತು. ಮುಂದೆ ಕ್ಷಕಿರಣ ಚಿತ್ರಗಳನ್ನೂ ವಂಶಾವಳಿಗಳನ್ನೂ ಕೂಲಂಕಷವಾಗಿ ಪರಿಶೀಲಿಸಿದಾಗ, ಇದು ಆನುವಂಶಿಕವಾಗಿ ಬರುವ ಮೂಳೆ ಬೆಳವಣಿಗೆಯ ದೋಷ ಎಂಬ ಅಭಿಪ್ರಾಯ ಬಲವಾಯಿತು. ಐಸಿಡಿ-10ರ ಭಾಷೆಯಲ್ಲಿ ಹೇಳುವುದಾದರೆ, ಸಂಧಿ ಉರಿಯೂತಗಳ ಎಂ 13ರ ನೆರೆಯಿಂದ ಜನ್ಮಜಾತ ದೋಷಗಳ ಕ್ಯೂ 77.7ರ ನೆರೆಗೆ ಪಯಣ.

ಇಲ್ಲಿ ಗಮನಿಸಬೇಕಾದದ್ದು ಎರಡು. ಮೊದಲ ಹೆಸರಿನಲ್ಲಿದ್ದ ‘ಉರಿಯೂತ’ ಎಂಬುದೇ ಒಂದು ಊಹೆಯಾಗಿತ್ತು. ಎರಡನೆಯದಾಗಿ, ಈ ರೋಗಿಗಳು ಒಬ್ಬೊಬ್ಬರಾಗಿ ಬೇರೆ ಬೇರೆ ಆಸ್ಪತ್ರೆಗಳಿಗೆ ಹೋಗಿ ‘ಅನಿರ್ದಿಷ್ಟ ಸಂಧಿ ಉರಿಯೂತ’ ಎಂಬ ಪೆಟ್ಟಿಗೆಯಲ್ಲಿ ಬಿದ್ದಿದ್ದರೆ, ಮಂಡಿನೋವಿನ ಸಾವಿರಾರು ಹೆಸರುಗಳ ನಡುವೆ ಕಳೆದುಹೋಗುತ್ತಿದ್ದರು. ಅವರು ಕಾಣಿಸಿದ್ದು ಒಂದೇ ಊರಿನಲ್ಲಿ, ಒಂದೇ ಕುಟುಂಬಗಳಲ್ಲಿ ಇದ್ದುದರಿಂದ, ಮತ್ತು ಯಾರೋ ಬಂದು ನೋಡಿದ್ದರಿಂದ. ಚದುರಿಹೋದ ಕಾಯಿಲೆಗೆ ಆ ಅದೃಷ್ಟವಿಲ್ಲ. ಅದನ್ನು ಹುಡುಕಿಕೊಡಬೇಕಾದದ್ದು ದಾಖಲೆಯೇ.

2006ರ ಚಿಕುನ್‌ಗುನ್ಯ ಇನ್ನೊಂದು ಪಾಠ. ಆ ವರ್ಷ ದೇಶದಲ್ಲಿ 13 ಲಕ್ಷಕ್ಕೂ ಹೆಚ್ಚು ಶಂಕಿತ ಪ್ರಕರಣಗಳು ವರದಿಯಾದವು, ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಕರ್ನಾಟಕದಲ್ಲಿ. ಪರೀಕ್ಷೆಯಿಂದ ದೃಢಪಟ್ಟವು ದೇಶದಲ್ಲಿ ಸುಮಾರು 2,000 ಮಾತ್ರ. ‘ಶಂಕಿತ’ ಮತ್ತು ‘ದೃಢಪಟ್ಟ’ ಎಂಬ ಎರಡು ಅಂಕಣಗಳಿದ್ದುದರಿಂದ ನಮಗಿದು ಗೊತ್ತು. ಆದರೆ ಜ್ವರ ಹೋಗಿ ಕೀಲುನೋವು ಉಳಿದವರ ಗತಿ? ನನ್ನ ತಾಯಿಗೆ ಆ ವರ್ಷ ಮಳೆಗಾಲದಲ್ಲಿ ಜ್ವರ ಬಂತು. ಸಂಕ್ರಾಂತಿಯ ಹೊತ್ತಿಗೂ ಬೆರಳು ಮಡಿಸಲಾಗುತ್ತಿರಲಿಲ್ಲ. ಉತ್ತರ ಬೆಂಗಳೂರಿನ ಆಸ್ಪತ್ರೆಯೊಂದು ಕೊಟ್ಟ ಚೀಟಿಯಲ್ಲಿ ‘ಸಂಧಿ ಉರಿಯೂತ, ಅನಿರ್ದಿಷ್ಟ’ ಎಂದಿತ್ತು. ಹಿಂದಿನ ಜ್ವರದ ಪ್ರಸ್ತಾಪವೇ ಇರಲಿಲ್ಲ. ಐಸಿಡಿ-10ರಲ್ಲಿ ಮೂಲರೋಗಕ್ಕೊಂದು (ಎ 92.0), ಅದರ ಪರಿಣಾಮಕ್ಕೊಂದು (ಎಂ 01.5) ಎಂದು ಜೋಡಿ ಸಂಕೇತ ಹಾಕುವ ಏರ್ಪಾಡಿದೆ. ಆದರೆ ರಕ್ತಪರೀಕ್ಷೆಯ ಕಾಗದವಿಲ್ಲದ ಅವರಂಥವರು ಆ ಜೋಡಿಗೆ ಸೇರಲಿಲ್ಲ. ಎಷ್ಟು ಮಂದಿ ಹೀಗೆ ಉಳಿದರು ಎಂದು ಸಂಕೇತಗಳನ್ನು ಎಣಿಸಿ ತಿಳಿಯಲು ಸಾಧ್ಯವಿಲ್ಲ.

ಇನ್ನೊಂದು ಕಡೆಯಿಂದ

ವೈದ್ಯರು ಇದಕ್ಕೆ ಉತ್ತರ ಹೇಳಬಹುದು, ಆ ಉತ್ತರದಲ್ಲಿ ಸತ್ಯವೂ ಇದೆ. ಹೊರಗೆ ಸಾಲು ನಿಂತಿರುವಾಗ ತಾಲ್ಲೂಕು ಆಸ್ಪತ್ರೆಯ ವೈದ್ಯರಿಗೆ ಒಬ್ಬೊಬ್ಬ ರೋಗಿಗೆ ಸಿಗುವುದು ಕೆಲವೇ ನಿಮಿಷ. ಮೊದಲು ನೋವು ಇಳಿಸಬೇಕು, ಸಂಕೇತ ಆಮೇಲೆ. ಅಲ್ಲದೆ ‘.9’ ಇಲ್ಲದಿದ್ದರೆ ಅವರು ಅನಿವಾರ್ಯವಾಗಿ ಯಾವುದೋ ನಿರ್ದಿಷ್ಟ ಹೆಸರನ್ನು ಬರೆಯುತ್ತಿದ್ದರು. ಅದು ಇನ್ನೂ ದೊಡ್ಡ ಸುಳ್ಳು. ಇದನ್ನು ನಾನು ಪೂರ್ತಿ ಒಪ್ಪುತ್ತೇನೆ.

ಆದರೆ ಈಗಿನ ಒತ್ತಡ ಆ ಸುಳ್ಳಿನ ಕಡೆಗೇ ಇದೆ. ಸಾವಿನ ಕಾರಣಗಳನ್ನು ಅಧ್ಯಯನ ಮಾಡುವವರು ಇಂಥ ಅಸ್ಪಷ್ಟ ಸಂಕೇತಗಳನ್ನು ‘ಕಸದ ಸಂಕೇತ’ಗಳೆಂದು ಕರೆಯುತ್ತಾರೆ. ಅವು ಕಡಿಮೆಯಾದಷ್ಟೂ ದಾಖಲೆಯ ಗುಣಮಟ್ಟ ಹೆಚ್ಚೆಂದು ಎಣಿಸುತ್ತಾರೆ. ಲೇಖನಿಯ ಕೊರತೆಯಿಂದ ಬಂದ 9ಕ್ಕೆ ಈ ಹೆಸರು ಸರಿ. ಹುಡುಕಿ ಹುಡುಕಿ ಸೋತು, ಪ್ರಾಮಾಣಿಕವಾಗಿ ಬರೆದ 9 ಕಸವಲ್ಲ. ಎರಡನ್ನೂ ಒಂದೇ ಬುಟ್ಟಿಗೆ ಹಾಕಿದರೆ, ಗೊತ್ತಿಲ್ಲ ಎನ್ನುವ ವೈದ್ಯನಿಗೆ ದಂಡ, ಗೊತ್ತಿರುವಂತೆ ನಟಿಸುವವನಿಗೆ ಬಹುಮಾನ.

ದಾರಿ ಇದೆ

ಇದು ಅಸಾಧ್ಯವಾದ ಬೇಡಿಕೆಯಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆಯೇ 2020ರಲ್ಲಿ ತೋರಿಸಿತು. ಕೋವಿಡ್‌ಗೆ ಅದು ಎರಡು ಸಂಕೇತ ಕೊಟ್ಟಿತು. ಪರೀಕ್ಷೆಯಲ್ಲಿ ವೈರಸ್ಸು ಪತ್ತೆಯಾಗಿದ್ದರೆ ಯು 07.1. ಲಕ್ಷಣಗಳಿಂದ ರೋಗ ನಿರ್ಧರಿಸಿದ್ದು, ಪರೀಕ್ಷೆ ಲಭ್ಯವಿಲ್ಲದಿದ್ದರೆ ಅಥವಾ ತೀರ್ಮಾನ ಕೊಡದಿದ್ದರೆ ಯು 07.2. ಅದೇ ವರ್ಷ ಕನ್ನಮಂಗಲದ ಕೇಂದ್ರ ಸಾವುಗಳನ್ನು ದಾಖಲಿಸಲು ಹೊರತಂದ ಮಾರ್ಗಸೂಚಿಯಲ್ಲೂ ಈ ಎರಡು ಸಂಕೇತಗಳನ್ನು ವಿವರಿಸಲಾಗಿತ್ತು. ‘ನೋಡಿ ಕಂಡದ್ದು’ ಮತ್ತು ‘ಕಾಣದೆ ನಂಬಿದ್ದು’ – ಒಂದೇ ಅಂಕಿಯ ವ್ಯತ್ಯಾಸ. ಆ ಒಂದು ಅಂಕಿ ಬಲಗಾಲು ಎಡಗಾಲಿನ ಅಂಕಿಗಿಂತ ಎಷ್ಟೋ ಮುಖ್ಯ.

ಐಸಿಡಿ-11 ಸ್ವಲ್ಪ ಮುಂದೆ ಹೋಗಿದೆ. ಮೂಲ ಸಂಕೇತಕ್ಕೆ ಜೋಡಿಸಬಹುದಾದ ವಿಸ್ತರಣಾ ಸಂಕೇತಗಳಲ್ಲಿ ‘ತಾತ್ಕಾಲಿಕ ನಿದಾನ’, ‘ಪರ್ಯಾಯ ನಿದಾನ’ ಎಂದು ಸೂಚಿಸುವ ಅವಕಾಶವಿದೆ. ಇದು ಸ್ವಾಗತಾರ್ಹ. ಆದರೆ ಅವು ಐಚ್ಛಿಕ. ‘ಇತರ’ ಮತ್ತು ‘ಅನಿರ್ದಿಷ್ಟ’ ಎಂಬ ಹಳೆಯ ಪೆಟ್ಟಿಗೆಗಳು ವೈ ಮತ್ತು ಜೆಡ್ ಅಕ್ಷರಗಳ ವೇಷದಲ್ಲಿ ಹಾಗೆಯೇ ಉಳಿದಿವೆ. ಐಚ್ಛಿಕವಾದದ್ದನ್ನು ಅವಸರದಲ್ಲಿರುವವರು ತುಂಬುವುದಿಲ್ಲ. ನನ್ನ ಸಲಹೆ ಸರಳ: ಕಾರಣ ಬರೆಯದ ಪ್ರತಿಯೊಂದು ಉರಿಯೂತ ಸಂಕೇತದ ಮುಂದೆಯೂ ಒಂದು ಅಂಕಿ ಕಡ್ಡಾಯವಾಗಲಿ – ದಾಖಲಿಸಿಲ್ಲ, ಪರೀಕ್ಷಿಸಿಲ್ಲ, ಪರೀಕ್ಷಿಸಿದೆ ಸಿಗಲಿಲ್ಲ. 70,000 ಸಂಕೇತಗಳನ್ನು ನಿಭಾಯಿಸುವ ಗಣಕಯಂತ್ರಕ್ಕೆ ಮೂರು ಆಯ್ಕೆಗಳು ಹೊರೆಯಲ್ಲ.

ಅಧ್ಯಾಪಕ ಮಿತ್ರರು ಇದನ್ನು ತರಗತಿಯಲ್ಲೇ ಆರಂಭಿಸಬಹುದು. ಪ್ರಯೋಗದ ಕೋಷ್ಟಕದಲ್ಲಿ ಖಾಲಿ ಜಾಗ ಬಿಡುವ ವಿದ್ಯಾರ್ಥಿಗೆ ‘ಇಲ್ಲಿ ಏಕೆ ಖಾಲಿ?’ ಎಂದು ಕೇಳಿ, ಉತ್ತರವನ್ನು ಅಲ್ಲೇ ಬರೆಸಿ. ಆ ವಿದ್ಯಾರ್ಥಿಗಳಲ್ಲಿ ಕೆಲವರು ನಾಳೆ ವೈದ್ಯರಾಗುತ್ತಾರೆ, ಇನ್ನು ಕೆಲವರು ಹೆಬ್ಬಾಳದ ಕಚೇರಿಗಳಲ್ಲಿ ಸಂಕೇತ ಬರೆಯುತ್ತಾರೆ.

ನನ್ನ ವಿದ್ಯಾರ್ಥಿನಿ ಆ ದಾಖಲೆಗೆ ಕೊನೆಗೆ ಎಂ 13.161 ಎಂದೇ ಬರೆದಳು. ನಿಯಮದ ಪ್ರಕಾರ ಅದು ಸರಿಯಾದ ಉತ್ತರ. ಆ ಮೊಣಕಾಲು ಏಕೆ ಊದಿತ್ತು, ಅದನ್ನು ಯಾರಾದರೂ ಹುಡುಕಿದರೇ ಎಂಬುದು ಅದರಲ್ಲಿ ಇಲ್ಲ. ಬಲಗಾಲು ಎಂಬುದು ಮಾತ್ರ ಖಚಿತವಾಗಿದೆ.